ಪ್ಲೇಟ್‌ಲೆಟ್ ಕೊಡುವ ಗಂಡ: ಹೆಮ್ಮೆ ಪಡಲಾ, ಸಾಕು ಅನ್ನಲಾ?

ಪ್ರಶ್ನೆ: ಡಾಕ್ಟ್ರೇ, ನಾವು ಬೆಂಗಳೂರಿನ ವಿಜಯನಗರದಲ್ಲಿ ಇದ್ದೇವೆ. ನನ್ನ ಗಂಡನಿಗೆ 39 ವರ್ಷ, ತೂಕ 68 ಕೆಜಿ. ನಾಲ್ಕೈದು ವರ್ಷಗಳಿಂದ ಪ್ಲೇಟ್‌ಲೆಟ್ ದಾನ ಮಾಡುತ್ತಾರೆ, ಈಗೀಗ ತಿಂಗಳಿಗೆ ಎರಡು ಸಲ. ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬಂದರೆ ಸಾಕು, ಬೈಕ್ ಕೀ ತಗೊಂಡು ಹೊರಟೇಬಿಡುತ್ತಾರೆ. ಮಗಳ ಹುಟ್ಟುಹಬ್ಬದ ದಿನವೂ ಹಾಗೇ ಆಯಿತು. ಮಧ್ಯದಲ್ಲಿ ತುಟಿ ಜುಮ್ ಅನ್ನುತ್ತದಂತೆ. ಅತ್ತೆ "ರಕ್ತ ಬಸಿದು ಊರಿಗೆಲ್ಲ ಹಂಚಿಬಿಟ್ಟರೆ ನಾಳೆ ನಮ್ಮವರಿಗೇ ಬೇಕಾದಾಗ ಏನು ಮಾಡ್ತಾನೆ" ಅಂತ ಕೇಳುತ್ತಾರೆ. ನಾವು ಎರಡನೇ ಮಗುವಿನ ಯೋಚನೆಯಲ್ಲೂ ಇದ್ದೇವೆ, ಅದಕ್ಕೇನಾದರೂ ತೊಂದರೆಯಾ? ನಿಜ ಹೇಳಬೇಕೆಂದರೆ ನನಗೆ ಅವರ ಮೇಲೆ ತುಂಬಾ ಹೆಮ್ಮೆ. ಅಷ್ಟೇ ಸಿಟ್ಟೂ ಬರುತ್ತದೆ. ಮುಂದಿನ ತಿಂಗಳು ನಮ್ಮ ಮದುವೆಯಾಗಿ ಹತ್ತು ವರ್ಷ. ಅವರ ಈ ಕೆಲಸವನ್ನು ಮೆಚ್ಚಿಕೊಂಡಿದ್ದೇನೆ ಅಂತ ಹೇಗೆ ತೋರಿಸಲಿ? ನಾನೂ ಜೊತೆಗೆ ಹೋಗಿ ಕೊಡಬಹುದಾ?

ಉತ್ತರ: ಒಂದೇ ಪತ್ರದಲ್ಲಿ ಹೆಮ್ಮೆ, ಸಿಟ್ಟು ಎರಡನ್ನೂ ಬರೆದಿದ್ದೀರಿ. ಒಳ್ಳೆಯದೇ ಆಯಿತು. ಬ್ಲಡ್ ಬ್ಯಾಂಕಿನ ವೇಟಿಂಗ್ ಬೆಂಚಿನ ಮೇಲೆ ಕೂತ ಹೆಂಡತಿಯರನ್ನು ನಾನು ತುಂಬಾ ನೋಡಿದ್ದೇನೆ. ಹೆಚ್ಚಿನವರ ಮುಖದಲ್ಲಿ ಇವೆರಡೂ ಇರುತ್ತವೆ, ಬಾಯಲ್ಲಿ ಮಾತ್ರ "ಪರವಾಗಿಲ್ಲ ಡಾಕ್ಟ್ರೇ, ಒಳ್ಳೆ ಕೆಲಸ ಅಲ್ವಾ" ಅಂತ ಬರುತ್ತದೆ. ನಿಮ್ಮ ಪತ್ರದಲ್ಲಿ ಆರೋಗ್ಯದ ಭಯವಿದೆ, ಕೇಳದೇ ಹೇಳದೇ ಎದ್ದು ಹೋಗುತ್ತಾರೆ ಅನ್ನುವ ಬೇಸರವೂ ಇದೆ. ಒಂದನ್ನು ಇನ್ನೊಂದರ ಜೊತೆ ಕಲಸಿಬಿಟ್ಟರೆ ಯಾವುದಕ್ಕೂ ಉತ್ತರ ಸಿಗುವುದಿಲ್ಲ.

ಮೊದಲು ಅತ್ತೆಯವರ ಮಾತು. ಪ್ಲೇಟ್‌ಲೆಟ್ ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಪುಟ್ಟ ಕಣ, ಅದರ ದಾನದಲ್ಲಿ ರಕ್ತ ಬಸಿಯುವುದಿಲ್ಲ. ತೋಳಿನಿಂದ ರಕ್ತ ಯಂತ್ರದೊಳಗೆ ಹೋಗುತ್ತದೆ, ಅಲ್ಲಿ ಗಿರಗಿರ ತಿರುಗಿ ಪದರ ಪದರವಾಗಿ ಬೇರೆಯಾಗುತ್ತದೆ, ಪ್ಲೇಟ್‌ಲೆಟ್ ಮತ್ತು ಒಂದಿಷ್ಟು ಪ್ಲಾಸ್ಮಾ ಚೀಲಕ್ಕೆ ಇಳಿಯುತ್ತದೆ, ಕೆಂಪು ರಕ್ತಕಣ ದಾನಿಯ ಮೈಗೇ ವಾಪಸ್ ಬರುತ್ತದೆ. ಮೊಸರು ಕಡೆದು ಬೆಣ್ಣೆ ತೆಗೆದುಕೊಂಡು ಮಜ್ಜಿಗೆ ವಾಪಸ್ ಕೊಟ್ಟ ಹಾಗೆ ಅಂತ ಅತ್ತೆಗೆ ಹೇಳಿ ನೋಡಿ. ಒಂದರಿಂದ ಒಂದೂವರೆ ಗಂಟೆ, ಕೆಲವರಿಗೆ ಎರಡು ಗಂಟೆ ಹಿಡಿಯುತ್ತದೆ. ಕೊನೆಗೆ ಸಿಗುವ ಚೀಲ ಕೆಂಪಗಿರುವುದಿಲ್ಲ, ತೆಳು ಹಳದಿ ಬಣ್ಣ. ಸೂಜಿ, ಕೊಳವೆ, ಚೀಲ ಎಲ್ಲ ಒಬ್ಬರಿಗೆ ಒಂದೇ ಸಲ ಬಳಸಿ ಎಸೆಯುವ ಕಿಟ್, ಹಾಗಾಗಿ ಕೊಡುವುದರಿಂದ ಎಚ್‌ಐವಿ, ಕಾಮಾಲೆ ಅಂಟುತ್ತದೆ ಅನ್ನುವುದು ಸುಳ್ಳು.

ಕೊಟ್ಟದ್ದು ಮತ್ತೆ ತುಂಬುತ್ತದಾ? ತುಂಬುತ್ತದೆ, ಅದೂ ಬೇಗ. ಮೂಳೆಯ ಮಜ್ಜೆಯಲ್ಲಿ ದಿನಕ್ಕೆ ಸುಮಾರು 10,000 ಕೋಟಿ ಪ್ಲೇಟ್‌ಲೆಟ್ ಹುಟ್ಟುತ್ತವೆ. ಒಬ್ಬ ದಾನಿಯಿಂದ ತೆಗೆಯುವ ಚೀಲದಲ್ಲಿ ಕನಿಷ್ಠ 30,000 ಕೋಟಿ ಇರಬೇಕು ಅನ್ನುವುದು ಗುಣಮಟ್ಟದ ಲೆಕ್ಕ. ಅಂದರೆ ಹೆಚ್ಚುಕಮ್ಮಿ ಮೂರು ದಿನದ ದುಡಿಮೆ. ಕೊಡದೇ ಇಟ್ಟುಕೊಂಡರೂ ಅವು ಉಳಿಯುವುದಿಲ್ಲ, ಎಂಟು ಹತ್ತು ದಿನದಲ್ಲಿ ಸತ್ತು ಹೊಸದು ಬರುತ್ತದೆ. ದಾನದ ದಿನ ಕೌಂಟ್, ಅಂದರೆ ರಕ್ತದಲ್ಲಿನ ಪ್ಲೇಟ್‌ಲೆಟ್ ಸಂಖ್ಯೆ, ಶೇಕಡಾ 20ರಿಂದ 30ರಷ್ಟು ಇಳಿಯುತ್ತದೆ. 2.5 ಲಕ್ಷ ಇದ್ದವರಿಗೆ 1.8 ಲಕ್ಷ ಆಗಬಹುದು. ಆರೋಗ್ಯವಂತರ ಕೌಂಟೇ 1.5 ಲಕ್ಷದಿಂದ 4.5 ಲಕ್ಷ, ಆದ್ದರಿಂದ ಇದರಿಂದ ರಕ್ತಸ್ರಾವ ಆಗುವುದಿಲ್ಲ. ಕೆಲವೇ ದಿನಗಳಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ.

ಇನ್ನು "ನಾಳೆ ನಮ್ಮವರಿಗೇ ಬೇಕಾದರೆ?" ಇದನ್ನು ಬಹಳ ಮನೆಗಳಲ್ಲಿ ಕೇಳುತ್ತಾರೆ, ಆದರೆ ಇದರ ಉತ್ತರ ಕೇಳಿದರೆ ಎಲ್ಲರಿಗೂ ಆಶ್ಚರ್ಯ. ನಿಮ್ಮ ಮನೆಯವರಿಗೆ ಬೇಕಾದಾಗ ನಿಮ್ಮ ಗಂಡ ಮೊದಲ ಆಯ್ಕೆಯೇ ಅಲ್ಲ. ಅಮ್ಮ, ಅಣ್ಣ, ಮಗಳು ಹೀಗೆ ಹತ್ತಿರದ ರಕ್ತಸಂಬಂಧಿಗಳ ರಕ್ತ ಅಥವಾ ಪ್ಲೇಟ್‌ಲೆಟ್ ಕೊಟ್ಟರೆ, ಅದರಲ್ಲಿ ಉಳಿದ ಬಿಳಿ ರಕ್ತಕಣಗಳನ್ನು ರೋಗಿಯ ದೇಹ "ನಮ್ಮದೇ" ಅಂತ ಬಿಟ್ಟುಬಿಡುವ ಸಾಧ್ಯತೆ ಇರುತ್ತದೆ. ಅವು ಒಳಗೆ ಬೆಳೆದು ರೋಗಿಯ ದೇಹದ ಮೇಲೇ ತಿರುಗಿ ಬೀಳಬಹುದು. ಇದು ಅಪರೂಪ, ಆದರೆ ಬಂದರೆ ಬದುಕುವುದು ಕಷ್ಟ. ಅದಕ್ಕೇ ರಕ್ತಸಂಬಂಧಿಗಳು ಕೊಟ್ಟ ಚೀಲಕ್ಕೆ ವಿಕಿರಣ ಹಾಯಿಸಿಯೇ ಬಳಸಬೇಕು. ನಿಮಗೇ ಬೇಕಾದರೂ ಅಷ್ಟೇ. ಮಕ್ಕಳ ಯೋಚನೆ ಇರುವ ಹೆಂಗಸಿಗೆ ಗಂಡನ ರಕ್ತ ಕೊಡಬೇಡಿ ಅನ್ನುತ್ತೇವೆ, ಏಕೆಂದರೆ ಅವರ ರಕ್ತಕಣಗಳ ವಿರುದ್ಧ ನಿಮ್ಮ ದೇಹ ಪ್ರತಿಕಾಯ ಬೆಳೆಸಿಕೊಂಡರೆ, ಮುಂದೆ ಅಪ್ಪನ ಗುಣ ಹೊತ್ತು ಬರುವ ಮಗುವಿಗೆ ಅದು ತೊಂದರೆ ಕೊಡಬಹುದು. ಅಂದಮೇಲೆ ನಿಮ್ಮ ಮನೆಗೆ ಬೇಕಾದ ದಿನ ಬೇರೆ ಯಾರದೋ ಗಂಡ ಬಂದು ಕೊಡಬೇಕು. ನಿಮ್ಮವರು ಈಗ ಮಾಡುತ್ತಿರುವುದೂ ಅದನ್ನೇ. ಅತ್ತೆಯವರಿಗೆ ಈ ವಿಷಯ ಸಮಾಧಾನವಾಗಿ ಹೇಳಿ, ವಾದಕ್ಕೆ ಇಳಿಯಬೇಡಿ. ಮಗನ ಮೈಯಿಂದ ಏನೋ ತೆಗೆಯುತ್ತಾರೆ ಅಂದರೆ ಯಾವ ತಾಯಿಗಾದರೂ ಕರುಳು ಚುರುಕ್ ಅನ್ನುತ್ತದೆ.

ತುಟಿ ಜುಮ್ ಅನ್ನುವುದಕ್ಕೆ ಕಾರಣ ಸುಲಭ. ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಸಿಟ್ರೇಟ್ ಅನ್ನುವ ದ್ರವ ಸೇರಿಸುತ್ತಾರೆ. ವಾಪಸ್ ಬರುವ ರಕ್ತದ ಜೊತೆ ಅದೂ ಸ್ವಲ್ಪ ಮೈಗೆ ಸೇರುತ್ತದೆ, ರಕ್ತದಲ್ಲಿನ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ. ತುಟಿ, ಬೆರಳ ತುದಿ ಜುಮ್ ಅನ್ನುವುದು, ಚಳಿ ಆದಂತೆ ಅನಿಸುವುದು ಅದರಿಂದಲೇ. ಲಿವರ್ ಸಿಟ್ರೇಟನ್ನು ಬೇಗ ಕರಗಿಸುತ್ತದೆ, ಯಂತ್ರ ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಆದರೆ ಗಂಡಸರಿಗೆ ಒಂದು ಕೆಟ್ಟ ಚಟವಿದೆ, ಜುಮ್ ಅಂದರೂ ಸುಮ್ನೆ ಹಲ್ಲುಕಚ್ಚಿ ಕೂತಿರುತ್ತಾರೆ. ಇದು ಬೇಡ. ಶುರುವಾದ ತಕ್ಷಣ ಟೆಕ್ನಿಷಿಯನ್‌ಗೆ ಹೇಳಬೇಕು, ಅವರು ವಾಪಸ್ ಹರಿವಿನ ವೇಗ ಇಳಿಸುತ್ತಾರೆ, ಚೀಪಲು ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ. ಹೇಳದೇ ಕೂತರೆ ಕೈಬೆರಳು ಸೆಟೆದುಕೊಳ್ಳುವವರೆಗೂ ಹೋಗಬಹುದು. ಮೂಳೆ ಸವೆಯುತ್ತದಾ ಅಂತ ನೀವು ಕೇಳಿಲ್ಲ, ಆದರೆ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುತ್ತದೆ ಅದಕ್ಕೇ ಹೇಳುತ್ತಿದ್ದೇನೆ: ದಾನದಿಂದ ಮೂಳೆ ಸವೆಯುತ್ತದೆ ಅನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ. ರಾಗಿ, ಹಾಲು, ಮೊಸರು ತಟ್ಟೆಯಲ್ಲಿರಲಿ, ಅಷ್ಟು ಸಾಕು.

ಎರಡನೇ ಮಗುವಿನ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಪ್ಲೇಟ್‌ಲೆಟ್ ಕೊಡುವುದಕ್ಕೂ ವೀರ್ಯಕ್ಕೂ, ಗಂಡಸುತನಕ್ಕೂ ಸಂಬಂಧವಿಲ್ಲ.

ಹಾಗಾದರೆ ಏನೂ ಅಪಾಯವೇ ಇಲ್ಲವಾ? ಇದೆ, ಅದನ್ನು ದಾನಿಗಳ ಗ್ರೂಪಿನಲ್ಲಿ ಯಾರೂ ಹೇಳುವುದಿಲ್ಲ. ಮೊದಲನೆಯದು ಕಬ್ಬಿಣಾಂಶ. ಕೆಂಪುಕಣ ವಾಪಸ್ ಬರುತ್ತದೆ ನಿಜ, ಆದರೆ ಪೂರ್ತಿ ಅಲ್ಲ. ಪ್ರತಿ ಸಲ ಕಿಟ್ಟಿನ ಕೊಳವೆಯಲ್ಲಿ ಒಂದಿಷ್ಟು ಉಳಿದುಹೋಗುತ್ತದೆ, ಟೆಸ್ಟಿಗೆ ಒಂದಿಷ್ಟು ತೆಗೆಯುತ್ತಾರೆ. ಒಂದು ಸಲಕ್ಕೆ ಅದು ಲೆಕ್ಕಕ್ಕಿಲ್ಲ. ತಿಂಗಳಿಗೆ ಎರಡು ಸಲ, ವರ್ಷಗಟ್ಟಲೆ ಅಂದರೆ ಲೆಕ್ಕಕ್ಕೆ ಬರುತ್ತದೆ. ಇಲ್ಲೊಂದು ಮೋಸವಿದೆ. ದಾನಕ್ಕೆ ಮುಂಚೆ ಹಿಮೋಗ್ಲೋಬಿನ್ ನೋಡುತ್ತಾರೆ, 12.5 ಇದ್ದರೆ ಪಾಸ್. ಆದರೆ ಹಿಮೋಗ್ಲೋಬಿನ್ ಇಳಿಯುವುದಕ್ಕೆ ಎಷ್ಟೋ ಮುಂಚೆ ಮೈಯೊಳಗಿನ ಕಬ್ಬಿಣದ ದಾಸ್ತಾನು ಖಾಲಿಯಾಗಿರುತ್ತದೆ. ಅದು ಗೊತ್ತಾಗುವುದು ಫೆರಿಟಿನ್ ಟೆಸ್ಟಿನಲ್ಲಿ. ದಾನದ ಮುಂಚೆ ಇದನ್ನು ಮಾಡುವುದು ಕಡ್ಡಾಯವಲ್ಲ, ಹಾಗಾಗಿ ಸಾಮಾನ್ಯವಾಗಿ ಯಾರೂ ಮಾಡುವುದಿಲ್ಲ. ನಿಮ್ಮವರು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾರಾ, ಕೂದಲು ಉದುರುತ್ತಿದೆಯಾ, ರಾತ್ರಿ ಮಲಗಿದಾಗ ಕಾಲು ಅಲ್ಲಾಡಿಸದೇ ಇರಲು ಆಗುವುದಿಲ್ಲವಾ, ನೋಡಿ. ನಿಮಗಿಂತ ಚೆನ್ನಾಗಿ ಇದನ್ನು ಗಮನಿಸುವವರು ಯಾರೂ ಇಲ್ಲ.

ಎರಡನೆಯದು ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣ. ಕೆಲವು ಬಗೆಯ ಯಂತ್ರಗಳು ಪ್ಲೇಟ್‌ಲೆಟ್ ಶುದ್ಧವಾಗಿರಲಿ ಅಂತ ಬಿಳಿಕಣಗಳನ್ನು ಒಂದು ಪುಟ್ಟ ಕೋಣೆಯಲ್ಲಿ ಹಿಡಿದಿಟ್ಟುಕೊಳ್ಳುತ್ತವೆ, ಅವು ದಾನಿಗೆ ವಾಪಸ್ ಬರುವುದಿಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಕ್ಕೆ 20ರಿಂದ 24 ಸಲ ಕೊಡುತ್ತಿದ್ದ 20 ಮಂದಿಯಲ್ಲಿ 6 ಮಂದಿಗೆ ಸಿಡಿ4 ಅನ್ನುವ ರಕ್ಷಣಾ ಕಣ 200ಕ್ಕಿಂತ ಕಡಿಮೆ ಇತ್ತು. ಅವರಿಗೆ ಅದರಿಂದ ಕಾಯಿಲೆ ಬಂದದ್ದು ಕಾಣಲಿಲ್ಲ, ಅದನ್ನೂ ಹೇಳಬೇಕು. ಹೆದರಿಸಲು ಇದನ್ನು ಬರೆಯುತ್ತಿಲ್ಲ. ಆದರೆ ಗರಿಷ್ಠ ಮಿತಿ ಅಂತ ಇರುವುದನ್ನು ಗುರಿ ಅಂತ ಓದಿಕೊಳ್ಳಬಾರದು ಅನ್ನುವುದಕ್ಕೆ ನನಗೆ ಇದೇ ಕಾರಣ.

ಮಿತಿ ಏನು ಅಂದರೆ, ನಮ್ಮ ದೇಶದ ನಿಯಮದಲ್ಲಿ ಎರಡು ಪ್ಲೇಟ್‌ಲೆಟ್ ದಾನದ ನಡುವೆ ಕನಿಷ್ಠ 48 ಗಂಟೆ, ವಾರಕ್ಕೆ ಎರಡಕ್ಕಿಂತ ಜಾಸ್ತಿ ಇಲ್ಲ, ವರ್ಷಕ್ಕೆ 24ಕ್ಕಿಂತ ಜಾಸ್ತಿ ಇಲ್ಲ. ತೂಕ 50 ಕೆಜಿಗಿಂತ ಮೇಲೆ, ಕೌಂಟ್ 1.5 ಲಕ್ಷದ ಮೇಲೆ ಇರಬೇಕು. ಪ್ಲೇಟ್‌ಲೆಟ್ ಕೊಟ್ಟು ಮಾಮೂಲಿ ರಕ್ತದಾನ ಮಾಡಬೇಕೆಂದರೆ 28 ದಿನ ಕಾಯಬೇಕು, ಯಂತ್ರ ಮಧ್ಯದಲ್ಲಿ ಕೈಕೊಟ್ಟು ಕೆಂಪುಕಣ ವಾಪಸ್ ಬರದಿದ್ದರೆ 90 ದಿನ. ನಿಮ್ಮವರು ತಿಂಗಳಿಗೆ ಎರಡು ಅಂದರೆ ವರ್ಷಕ್ಕೆ 24, ಸರಿಯಾಗಿ ಗೆರೆಯ ಮೇಲೆ ನಿಂತಿದ್ದಾರೆ. ಒಂದೇ ಜಾಗದಲ್ಲಿ ಕೊಟ್ಟರೆ ಅವರ ಕಂಪ್ಯೂಟರ್ ಲೆಕ್ಕ ಇಡುತ್ತದೆ. ಗ್ರೂಪಿನ ಮೆಸೇಜ್ ನೋಡಿ ಇವತ್ತು ಒಂದು ಆಸ್ಪತ್ರೆ, ಇನ್ನೊಮ್ಮೆ ಇನ್ನೊಂದು ಅಂತ ಓಡುವವರ ಒಟ್ಟು ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ, ದಾನಿ ತಾನೇ ಬರೆದಿಟ್ಟುಕೊಳ್ಳಬೇಕು. ಬರೆದಿಟ್ಟುಕೊಳ್ಳುವವರು ಕಡಿಮೆ. ನನ್ನ ಸಲಹೆ ಕೇಳಿದರೆ ತಿಂಗಳಿಗೆ ಒಂದು ಸಾಕು, ಅದೂ ಆದಷ್ಟು ಒಂದೇ ಬ್ಲಡ್ ಬ್ಯಾಂಕಿನಲ್ಲಿ.

ಈಗ ಆ ಫೋನು, ಮೆಸೇಜುಗಳ ವಿಷಯ. ನಿಮ್ಮ ಸಿಟ್ಟಿನ ಬೇರು ಇರುವುದು ಇಲ್ಲೇ ಅಂತ ನನಗನಿಸುತ್ತದೆ.

ಮಳೆಗಾಲ ಬಂದು ಡೆಂಗಿ ಶುರುವಾದರೆ ಬೆಂಗಳೂರಿನ ಗ್ರೂಪುಗಳಲ್ಲಿ "ಅರ್ಜೆಂಟ್, ಕೌಂಟ್ 30,000, ಈಗಲೇ ಬನ್ನಿ" ಅನ್ನುವ ಮೆಸೇಜ್ ಮಳೆಯೇ ಸುರಿಯುತ್ತದೆ. ಇದರಲ್ಲಿ ಬಹುಪಾಲು ಅರ್ಜೆಂಟ್ ಅಲ್ಲವೇ ಅಲ್ಲ. ಡೆಂಗಿಯಲ್ಲಿ ರಕ್ತಸ್ರಾವ ಇಲ್ಲದಿದ್ದರೆ, ಕೌಂಟ್ 10,000ಕ್ಕಿಂತ ಕೆಳಗೆ ಹೋಗುವವರೆಗೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಹಾಕಬೇಕಿಲ್ಲ. ಡೆಂಗಿಯಲ್ಲಿ ನಿಜವಾಗಿ ಪ್ರಾಣಕ್ಕೆ ಕುತ್ತು ತರುವುದು ರಕ್ತನಾಳಗಳಿಂದ ನೀರಿನಂಶ ಸೋರಿ ಬಿಪಿ ಬೀಳುವುದು. ಅದಕ್ಕೆ ಬೇಕಾದ್ದು ಸರಿಯಾದ ಅಳತೆಯ ಡ್ರಿಪ್ ಮತ್ತು ಎಚ್ಚರದ ಕಣ್ಣು, ಪ್ಲೇಟ್‌ಲೆಟ್ ಅಲ್ಲ. ಆದರೆ ಕೌಂಟ್ ಇಳಿಯುವ ರಿಪೋರ್ಟ್ ನೋಡುತ್ತಾ ಕೂತ ಮನೆಯವರ ಭಯ ನನಗೂ ಅರ್ಥವಾಗುತ್ತದೆ. ಅವರ ಒತ್ತಡಕ್ಕೆ ಕೆಲವು ಡಾಕ್ಟರುಗಳೂ ಬಗ್ಗುತ್ತಾರೆ, ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ. ಅದರ ಕೊನೆಯ ಕೊಂಡಿ ನಿಮ್ಮ ಮನೆಯ ಹುಟ್ಟುಹಬ್ಬದ ಕೇಕಿನ ಮುಂದೆ ರಿಂಗ್ ಆದ ಫೋನು.

ಇನ್ನೊಂದು ಕಡೆ, ಯಾವ ಸದ್ದೂ ಇಲ್ಲದೆ ಪ್ಲೇಟ್‌ಲೆಟ್ ನಿಜವಾಗಿ ಬೇಕಾಗಿರುವ ಜಾಗಗಳಿವೆ. ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ರಕ್ತದ ಕ್ಯಾನ್ಸರ್ ಬಂದ ಮಕ್ಕಳು ಕರ್ನಾಟಕದ ಮೂಲೆಮೂಲೆಯಿಂದ ಬರುತ್ತಾರೆ. ಕೀಮೋ ಕೊಟ್ಟಾಗ ಮಜ್ಜೆ ಕೆಲಸ ನಿಲ್ಲಿಸುತ್ತದೆ, ಕೌಂಟ್ 10,000ಕ್ಕೂ ಕೆಳಗೆ ಹೋಗುತ್ತದೆ, ವಾರಗಟ್ಟಲೆ ಅಲ್ಲೇ ಇರುತ್ತದೆ. ಅಂಥ ಮಗುವಿಗೆ ಚಿಕಿತ್ಸೆ ಮುಗಿಯುವಷ್ಟರಲ್ಲಿ ಚೀಲದ ಮೇಲೆ ಚೀಲ ಬೇಕು. ಮಾಮೂಲಿ ರಕ್ತದಾನದ ಒಂದು ಚೀಲದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ದೊಡ್ಡವರಲ್ಲಿ ಕೌಂಟನ್ನು 5,000ದಿಂದ 10,000 ಏರಿಸಿದರೆ, ನಿಮ್ಮವರು ಕೊಡುವ ಒಂದು ಚೀಲ 30,000ದಿಂದ 50,000 ಏರಿಸುತ್ತದೆ. ಅಷ್ಟೇ ಏರಿಸಲು ಮಾಮೂಲಿ ಚೀಲ ಕೊಡುವ ಆರು ಜನರ ಬದಲು ಒಬ್ಬರ ರಕ್ತದ ಅಂಶ ಮಾತ್ರ ಒಳಗೆ ಹೋಗುತ್ತದೆ, ಸೋಂಕಿನ ಭಯವೂ ಕಡಿಮೆ. ದೂರದ ಊರಿಂದ ಬಂದ ಅಪ್ಪ ಅಮ್ಮನಿಗೆ ಈ ನಗರದಲ್ಲಿ ಒಬ್ಬ ದಾನಿಯೂ ಗೊತ್ತಿರುವುದಿಲ್ಲ. ನಿಮ್ಮ ಹೆಮ್ಮೆಗೆ ಪೂರ್ತಿ ಕಾರಣವಿದೆ ಅಂತ ನಾನು ಹೇಳುವುದು ಇದಕ್ಕೇ.

ಪ್ಲೇಟ್‌ಲೆಟ್ ಅನ್ನು ಫ್ರಿಜ್ಜಿನಲ್ಲಿ ಇಡುವಂತಿಲ್ಲ. 20ರಿಂದ 24 ಡಿಗ್ರಿಯಲ್ಲಿ, ನಿಲ್ಲದೇ ಅಲುಗಾಡಿಸುತ್ತಾ ಇಟ್ಟರೂ ಬಾಳುವುದು 5 ದಿನ. ಅದಕ್ಕೇ ನಮಗೆ "ಈಗಲೇ ಬಂದೆ" ಅನ್ನುವವರಿಗಿಂತ "ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ನಾನು ಬರುತ್ತೇನೆ" ಅನ್ನುವವರು ಜಾಸ್ತಿ ಬೇಕು. ಇನ್ನೊಂದು ವಿಷಯ, ಇವತ್ತು ಕೊಟ್ಟದ್ದು ಆ ಕ್ಷಣಕ್ಕೇ ರೋಗಿಗೆ ಹೋಗುವುದಿಲ್ಲ. ಎಚ್‌ಐವಿ, ಎರಡು ಬಗೆಯ ಹೆಪಟೈಟಿಸ್, ಸಿಫಿಲಿಸ್, ಮಲೇರಿಯಾ ಟೆಸ್ಟ್ ಆಗಬೇಕು. ಹಾಗಾಗಿ ಮಗಳು ಕೇಕ್ ಕತ್ತರಿಸುವ ತನಕ ಒಂದು ಗಂಟೆ ತಡೆದು ಹೊರಟಿದ್ದರೆ ಬಹುತೇಕ ಸಂದರ್ಭದಲ್ಲಿ ಏನೂ ಕೆಡುವುದಿಲ್ಲ. ಫೋನ್ ಬಂದಾಗ ರೋಗಿಯ ಕಡೆಯವರ ಜೊತೆ ಅಲ್ಲ, ಆ ಆಸ್ಪತ್ರೆಯ ಬ್ಲಡ್ ಬ್ಯಾಂಕಿಗೇ ಫೋನ್ ಮಾಡಿ "ನಿಜವಾಗಿ ಬೇಕಾ, ಎಷ್ಟೊತ್ತಿಗೆ ಬೇಕು, ಸ್ಟಾಕ್ ಇಲ್ಲವಾ" ಅಂತ ಕೇಳುವ ಅಭ್ಯಾಸ ಮಾಡಿಸಿ. ಎಷ್ಟೋ ಸಲ "ನಾಳೆ ಬೆಳಿಗ್ಗೆ ಬನ್ನಿ ಸಾಕು" ಅನ್ನುವ ಉತ್ತರ ಬರುತ್ತದೆ.

ಇದನ್ನು ಅವರ ಜೊತೆ ಮಾತಾಡುವುದು ಹೇಗೆ? ಮೂರು ದಾರಿ ನನಗೆ ಕಾಣುತ್ತದೆ. ಪೂರ್ತಿ ನಿಲ್ಲಿಸಿ ಅನ್ನಬಹುದು. ಆರೋಗ್ಯದ ಕಾರಣ ಇಲ್ಲದೆ ಹಾಗೆ ಅಂದರೆ, ಅವರು ಹೇಳದೇ ಹೋಗಲು ಶುರು ಮಾಡುತ್ತಾರೆ. ಆಫೀಸಿಂದ ಬರುವ ದಾರಿಯಲ್ಲಿ ಕೊಟ್ಟು, ತೋಳಿನ ಬ್ಯಾಂಡೇಜ್ ಕಿತ್ತೆಸೆದು ಮನೆಗೆ ಹೋಗುವವರನ್ನು ನಾನು ನೋಡಿದ್ದೇನೆ. ಸುಸ್ತಾದರೆ ಮನೆಯಲ್ಲಿ ಹೇಳುವಂತೆಯೂ ಇಲ್ಲ. ಹೀಗಾದರೆ ಈಗಿರುವುದಕ್ಕಿಂತ ಅಪಾಯ ಜಾಸ್ತಿ. ಈಗಿನ ಹಾಗೇ ಬಿಟ್ಟುಬಿಡಬಹುದು, ಆಗ ನಿಮ್ಮ ಸಿಟ್ಟು ಒಳಗೇ ಬೆಳೆದು ಒಂದು ದಿನ ತಪ್ಪು ಜಾಗದಲ್ಲಿ, ಬಹುಶಃ ಅತ್ತೆಯ ಮುಂದೆ, ಹೊರಬೀಳುತ್ತದೆ. ಮೂರನೆಯದು ದಿನ ಗೊತ್ತುಮಾಡಿಕೊಳ್ಳುವುದು. ಅದಕ್ಕೂ ಒಂದು ಬೆಲೆ ಇದೆ. ಗ್ರೂಪಿನಲ್ಲಿ "ಈ ಸಲ ಆಗಲ್ಲ" ಅಂತ ಬರೆಯಬೇಕಾಗುತ್ತದೆ, ಅದು ಅವರಿಗೆ ತುಂಬಾ ಕಷ್ಟ. ನಾನು ಇಲ್ಲ ಅಂದರೆ ಯಾರೋ ಸತ್ತುಹೋಗುತ್ತಾರೆ ಅನ್ನುವ ಭಾರ ಹೊತ್ತುಕೊಂಡಿರುತ್ತಾರೆ ಇಂಥವರು. ಆ ಭಾರ ಇಳಿಸಲು ಹೆಂಡತಿಯ ಮಾತು ಕೆಲಸ ಮಾಡಿದಷ್ಟು ಡಾಕ್ಟರ ಮಾತು ಮಾಡುವುದಿಲ್ಲ.

ಮೆಚ್ಚುಗೆ ತೋರಿಸುವುದು ಹೇಗೆ ಅಂತ ಕೇಳಿದಿರಿ. ದಯವಿಟ್ಟು ಶಾಲು, ಹಾರ, ಫೇಸ್‌ಬುಕ್ ಫೋಟೊ ಬೇಡ, ಅವರು ತಾವಾಗಿ ಕೇಳದಿದ್ದರೆ. ಸದ್ದಿಲ್ಲದೆ ಕೊಡುವವರಿಗೆ ಅದು ಮುಜುಗರ. ರೋಗಿಯ ಕಡೆಯವರು ಕೈಗೆ ದುಡ್ಡು ತುರುಕಿದರೆ ಮಾತ್ರ ವಾಪಸ್ ಕೊಡಲೇಬೇಕು. ದುಡ್ಡು ತಗೊಂಡು ರಕ್ತ ಕೊಡುವುದನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 1998ರ ಜನವರಿ 1ರಿಂದ ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ನಿಮ್ಮ ಕಡೆಯಿಂದ ಆಗುವುದು ಬೇರೆ ಥರದ್ದು. ಹಿಂದಿನ ದಿನದಿಂದ ನೀರು ಕುಡಿಯಲು ನೆನಪಿಸಿ. ಬೆಳಿಗ್ಗೆ ಇಡ್ಲಿ, ಹಣ್ಣು ತಿಂದು ಹೋಗಲಿ. ತುಪ್ಪ ಸುರಿದ ಖಾರಾಬಾತ್, ಬೆಣ್ಣೆ ಮಸಾಲೆ ದೋಸೆ ಆ ದಿನ ಬೇಡ, ಯಾಕೆಂದರೆ ಕೊಬ್ಬು ಜಾಸ್ತಿಯಾದರೆ ಪ್ಲಾಸ್ಮಾ ಹಾಲಿನಂತಾಗಿ ಚೀಲವೇ ತಿರಸ್ಕಾರವಾಗಬಹುದು. ತಲೆನೋವು ಅಂತ ಆಸ್ಪಿರಿನ್ ನುಂಗಿದ್ದರೆ 3 ದಿನ ಕೊಡುವಂತಿಲ್ಲ, ಮನೆಯ ಮಾತ್ರೆ ಡಬ್ಬಿ ನಿಮ್ಮ ಕೈಯಲ್ಲಿದ್ದರೆ ಅದನ್ನು ನೋಡಿಕೊಳ್ಳಿ. ಬಂದ ಮೇಲೆ ಆ ದಿನ ಗ್ಯಾಸ್ ಸಿಲಿಂಡರ್ ಎತ್ತಲು, ನೀರಿನ ಕ್ಯಾನ್ ಹೊರಲು ಹೇಳಬೇಡಿ. ಒಂದು ಸಲ ಜೊತೆಗೆ ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತು ನೋಡಿ. ಯಂತ್ರ ನೋಡಿದ ಮೇಲೆ ಅರ್ಧ ಭಯ ಹೋಗುತ್ತದೆ, ಅವರಿಗೂ ಆ ಒಂದೂವರೆ ಗಂಟೆ ಸೀಲಿಂಗ್ ನೋಡುತ್ತಾ ಮಲಗುವುದು ತಪ್ಪುತ್ತದೆ.

ಹಾಗೆಯೇ ಇದನ್ನು ಅವರಿಗೆ ಓದಲು ಕೊಡಿ: ಅವರು ಹೋಗಿ ಬರುವ ಆ ಮೂರು ನಾಲ್ಕು ತಾಸು ಮಗಳನ್ನು, ಅಡುಗೆಯನ್ನು, ಅತ್ತೆಯ ಆತಂಕವನ್ನು ನೋಡಿಕೊಂಡವರು ನೀವು. ಆ ಚೀಲದಲ್ಲಿ ನಿಮ್ಮ ಪಾಲೂ ಇದೆ, ಅದನ್ನು ಅವರು ಬಾಯಿಬಿಟ್ಟು ಹೇಳಬೇಕು. ಮೆಚ್ಚುಗೆ ಒಂದೇ ಕಡೆಗೆ ಹರಿಯಬೇಕು ಅಂತ ಏನಿಲ್ಲ.

ನೀವೂ ಕೊಡಬಹುದಾ? ಈಗ ಬೇಡ. ಒಮ್ಮೆ ಬಸುರಿಯಾದ ಹೆಂಗಸರ ಪ್ಲಾಸ್ಮಾದಲ್ಲಿ ಕೆಲವೊಮ್ಮೆ ಬಿಳಿಕಣಗಳ ವಿರುದ್ಧದ ಪ್ರತಿಕಾಯ ಇರುತ್ತದೆ, ಅದು ರೋಗಿಯ ಶ್ವಾಸಕೋಶಕ್ಕೆ ಪೆಟ್ಟು ಕೊಡಬಹುದು. ಅದಕ್ಕೇ ತಾಯಂದಿರಿಂದ ಪ್ಲೇಟ್‌ಲೆಟ್ ತೆಗೆಯಲು ಕೆಲವು ಕೇಂದ್ರಗಳು ಹಿಂದೆಮುಂದೆ ನೋಡುತ್ತವೆ. ಮಾಮೂಲಿ ರಕ್ತದಾನ ಮಾಡಬಹುದಿತ್ತು, ಆದರೆ ಮಗುವಿನ ಯೋಚನೆ ಇರುವಾಗ ನಿಮ್ಮ ಕಬ್ಬಿಣಾಂಶ ನಿಮಗೇ ಬೇಕು. ಹೆರಿಗೆಯಾಗಿ ಒಂದು ವರ್ಷ ಕಳೆದು, ಮಗು ಎದೆಹಾಲು ಬಿಟ್ಟ ಮೇಲೆ ಬನ್ನಿ, ಹಿಮೋಗ್ಲೋಬಿನ್ 12.5 ಇದ್ದರೆ ಸಂತೋಷದಿಂದ ತಗೊಳ್ಳುತ್ತೇವೆ.

ಈ ವಾರವೇ ಮಾಡಿಸಬೇಕಾದದ್ದು ಸಂಪೂರ್ಣ ರಕ್ತ ಪರೀಕ್ಷೆ ಮತ್ತು ಫೆರಿಟಿನ್. ಸಂಪೂರ್ಣ ರಕ್ತ ಪರೀಕ್ಷೆಯಲ್ಲಿ ಲಿಂಫೋಸೈಟ್ ಎಷ್ಟಿದೆ ಅನ್ನುವುದೂ ಬರುತ್ತದೆ, ಅದನ್ನು ಡಾಕ್ಟರಿಗೆ ತೋರಿಸಿ ಕೇಳಿ. ಫೆರಿಟಿನ್ 30ಕ್ಕಿಂತ ಕಡಿಮೆ ಬಂದರೆ ಮೂರು ತಿಂಗಳು ದಾನ ಪೂರ್ತಿ ಬಂದ್, ಡಾಕ್ಟರ್ ಬರೆದುಕೊಟ್ಟ ಕಬ್ಬಿಣದ ಮಾತ್ರೆ, ಮತ್ತೆ ಟೆಸ್ಟ್. ಆ ಮಾತ್ರೆಯನ್ನು ಕಾಫಿ ಟೀ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ, ನಿಂಬೆರಸದ ಜೊತೆ ತಗೊಳ್ಳಲಿ. ಆ ಮೂರು ತಿಂಗಳು ಗ್ರೂಪನ್ನು ಮ್ಯೂಟ್ ಮಾಡಲು ಒಪ್ಪುತ್ತಾರಾ ನೋಡಿ. ಒಪ್ಪದಿದ್ದರೆ ರಿಪೋರ್ಟ್ ತಗೊಂಡು ಅವರನ್ನೇ ಒಂದು ಸಲ ಅವರು ಕೊಡುವ ಬ್ಲಡ್ ಬ್ಯಾಂಕಿನ ಡಾಕ್ಟರ ಹತ್ತಿರ ಕಳಿಸಿ. ಇಂಥ ದಾನಿಗೆ ಬೇಡ ಅಂತ ಹೇಳುವುದು ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು, ಆದರೆ ಹೇಳುತ್ತೇವೆ.